ಫೋಟೋ ಇಲ್ಲದೆ ಪೋರ್ಟ್ರೇಟ್: ಯಕ್ಷಗಾನದ ಚೌಕಿಯಲ್ಲಿ ಕಲಿತದ್ದು

ಫೋಟೋ ನೋಡದೆ, ಎದುರು ಕೂತವರನ್ನೇ ನೋಡಿ ಎಣ್ಣೆಬಣ್ಣದಲ್ಲಿ ಪೋರ್ಟ್ರೇಟ್ ಮಾಡುತ್ತೇನೆ, ಅದಕ್ಕೆ ದುಡ್ಡೂ ಬರುತ್ತದೆ ಅಂತ ನಾನು ಹೇಳಿದಾಗ ಕಾಲೇಜಿನ ಗೆಳೆಯರಲ್ಲಿ ಒಬ್ಬರೂ ನಂಬಲಿಲ್ಲ. ನಂಬದಿರಲು ಕಾರಣವೂ ಉಂಟು. ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆ ಪೋರ್ಟ್ರೇಟ್ ಅಂದರೆ ತೀರಿಹೋದ ಅಜ್ಜನ ಪಾಸ್‌ಪೋರ್ಟ್ ಸೈಜ್ ಫೋಟೋ, ಅದರ ಮೇಲೆ ಪೆನ್ಸಿಲಿನ ಗ್ರಿಡ್, ಒಂದು ವಾರದ ಕೆಲಸ, ಕೈಗೆ ಎರಡು ಸಾವಿರ. ಈಗೀಗ ಅದೂ ಬೇಡ, ಕ್ಯಾನ್ವಾಸ್ ಮೇಲೆ ಪ್ರಿಂಟ್ ಹೊಡೆಸಿ ಮೇಲಿಂದ ಬ್ರಷ್ ಆಡಿಸಿ ಕೊಡುತ್ತಾರೆ. ಇದರ ನಡುವೆ ಒಬ್ಬರನ್ನು ಗಂಟೆಗಟ್ಟಲೆ ಕೂರಿಸುತ್ತೇನೆ ಅಂದರೆ ಯಾರು ಒಪ್ಪುತ್ತಾರೆ? ಒಬ್ಬ ಸೀನಿಯರ್ ಅಂತೂ ನೇರವಾಗಿ ಹೇಳಿದ, "ತಮ್ಮಾ, ಮೊದಲು ಹೊಟ್ಟೆಗೆ ನೋಡು." ಹೋದ ಮಳೆಗಾಲದಲ್ಲಿ ಹಾಗೆ ಕೂರಿಸಿ ಮಾಡಿದ ಚಿತ್ರಕ್ಕೆ ಹನ್ನೆರಡು ಸಾವಿರ ಸಿಕ್ಕಿತು. ಅದಾದ ಮೇಲೆ ಇನ್ನೆರಡು ಆರ್ಡರ್ ಬಂದವು. ಹೇಗೆ ಮಾಡಿದೆ ಅಂತ ಕೇಳಿದವರಿಗೆಲ್ಲ ಬೇರೆ ಬೇರೆ ಹೇಳುವ ಬದಲು ಒಮ್ಮೆ ಬರೆದು ಬಿಡೋಣ ಅಂತ ಕೂತಿದ್ದೇನೆ.

ಫಿಗರ್‌ನಿಂದ, ಅಂದರೆ ಇಡೀ ಮೈಯ ಚಿತ್ರದಿಂದ, ಶುರು ಮಾಡುತ್ತೇನೆ, ಯಾಕೆಂದರೆ ನನ್ನ ಕೈಯಲ್ಲಿ ಮುಖ ಸರಿಯಾಗಿ ಬಂದದ್ದು ಫಿಗರ್ ಸರಿಯಾದ ಮೇಲೆಯೇ. ಚಿತ್ರ ಕಲಿಸುವ ಪುಸ್ತಕ ಬರೆದವರಲ್ಲಿ ಬ್ರಿಜ್‌ಮನ್ ನೋಡಿ ಡಬ್ಬಗಳನ್ನು ಜೋಡಿಸಿ ಮೈ ಕಟ್ಟುವುದು, ಲೂಮಿಸ್ ರೀತಿ ಗೋಲದ ಬದಿ ಕತ್ತರಿಸಿ ತಲೆ ಮಾಡುವುದು, ಇದೆಲ್ಲ ನಾವೆಲ್ಲ ಮಾಡಿದ್ದೇ. ನಾನೂ ಪುಸ್ತಕಗಟ್ಟಲೆ ಮಾಡಿದ್ದೇನೆ. ಆದರೆ ನಿಂತ ಮನುಷ್ಯನನ್ನು ನೋಡಿ ಬರೆದರೆ ಅವನು ನೆಲದ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಕಾಲು ಸರಿ, ಕೈ ಸರಿ, ಮೈ ಮಾತ್ರ ತೇಲುತ್ತಿತ್ತು. ಕಾಲೇಜಿನಲ್ಲಿ ಮಾಡೆಲ್ ಸಿಗುವುದು ವಾರಕ್ಕೊಮ್ಮೆ, ಅದೂ ಕುರ್ಚಿಯ ಮೇಲೆ ಕೂತ ಒಂದೇ ಪೋಸ್.

ಪರಿಹಾರ ಸಿಕ್ಕಿದ್ದು ರೈಲಿನಲ್ಲಿ. ಕುಂಬಳೆಯಿಂದ ಮಂಗಳೂರಿಗೆ ಬೆಳಗ್ಗಿನ ರೈಲಿನಲ್ಲಿ ಸೀಟಿನ ಆಸೆಯೇ ಬೇಡ. ನಿಂತವರು ಕೊನೆವರೆಗೂ ನಿಂತೇ ಇರುತ್ತಾರೆ. ಕುಂಬಳೆಯಿಂದ ಉಪ್ಪಳದವರೆಗೆ ಒಂದು ಕಾಲಿನ ಮೇಲೆ ಭಾರ, ಅಲ್ಲಿ ಜನ ಹತ್ತಿ ಇಳಿಯುವಾಗ ಕಾಲು ಬದಲು, ಮಂಜೇಶ್ವರದಲ್ಲಿ ಮತ್ತೆ ಬದಲು. ಒಂದೊಂದು ನಿಲ್ದಾಣಕ್ಕೆ ಒಂದೊಂದು ಪೋಸ್, ಖರ್ಚಿಲ್ಲದೆ. ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೆ, ಅದೇ ಕಡೆಯ ಭುಜ ಕೆಳಗೆ, ಕತ್ತಿನ ಕುಳಿಯಿಂದ ತೂಗುಗುಂಡು ಬಿಟ್ಟರೆ ಆ ಕಾಲಿನ ಪಾದದ ಗಂಟಿನ ಹತ್ತಿರ ಬೀಳಬೇಕು. ಇದು ಎಲ್ಲರಿಗೂ ಗೊತ್ತಿರುವ ಪಾಠ. ರೈಲಿನಲ್ಲಿ ನಾನು ನೋಡಿದ್ದು ಈ ಪಾಠ ಎಲ್ಲಿ ಕೆಡುತ್ತದೆ ಅಂತ. ಮೇಲಿನ ಹಿಡಿ ಹಿಡಿದವರಲ್ಲಿ ಸ್ವಲ್ಪ ಭಾರ ಕೈಗೆ ಹೋಗುತ್ತದೆ, ಎತ್ತಿದ ಕೈಯ ಭುಜ ಕಿವಿಯ ಹತ್ತಿರ ಬರುತ್ತದೆ, ತೂಗುಗುಂಡು ಪಾದದಿಂದ ಹೊರಗೆ ಬೀಳುತ್ತದೆ. ಅದನ್ನು ಸರಿ ಮಾಡಲು ಹೋಗದೆ ಹಾಗೆಯೇ ಬರೆದರೆ ಮಾತ್ರ ಅವರು ಹಿಡಿದುಕೊಂಡು ನಿಂತಿದ್ದಾರೆ ಅಂತ ಗೊತ್ತಾಗುತ್ತದೆ. ಹಿಡಿಯನ್ನೇ ಬರೆಯದೆ ಹೋದರೂ ಗೊತ್ತಾಗಬೇಕು. ನನಗೆ ಅದು ಬಂದ ದಿನದಿಂದ ನನ್ನ ಫಿಗರ್‌ಗಳು ನಿಂತವು.

ಕಾಗದಕ್ಕೆ ದುಡ್ಡು ಹಾಕಬೇಡಿ. ಪತ್ರಿಕೆ ಅಚ್ಚಾಗುವ ಕಡೆ ರೀಲಿನ ಕೊನೆಯಲ್ಲಿ ಉಳಿಯುವ ನ್ಯೂಸ್‌ಪ್ರಿಂಟ್ ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ನಾನು ನಾಲ್ಕೈದು ಕಿಲೋ ತಂದದ್ದು ವರ್ಷ ಬಂತು. ಹಳದಿಯಾಗುತ್ತದೆ, ಆಗಲಿ.

ಚಾರ್ಕೋಲಿನ ಕಥೆ ಬೇರೆ. ಅಂಗಡಿಯ ಒಂದು ಡಬ್ಬಿಗೆ ನೂರೈವತ್ತರ ಹತ್ತಿರ, ನನ್ನ ಕೈಯಲ್ಲಿ ಎರಡು ವಾರಕ್ಕೆ ಮುಗಿಯುತ್ತಿತ್ತು. ಆಂಧ್ರದ ಶ್ರೀಕಾಳಹಸ್ತಿಯ ಕಲಂಕಾರಿಯವರು ಹುಣಸೆ ಕಡ್ಡಿಯ ಇದ್ದಿಲಿನಲ್ಲೇ ಬಟ್ಟೆಯ ಮೇಲೆ ಗೆರೆ ಹಾಕುತ್ತಾರೆ ಅಂತ ಗೊತ್ತಿತ್ತು, ನಮ್ಮ ಹಿತ್ತಿಲಲ್ಲಿ ಹುಣಸೆ ಮರ ಇತ್ತು. ಬೆರಳಿಗಿಂತ ಸಣ್ಣ ಕಡ್ಡಿ ಕಡಿದು, ಸಿಪ್ಪೆ ತೆಗೆದು, ಒಣಗಿಸಿ, ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದೇ ತೂತು ಮಾಡಿ ಬಚ್ಚಲೊಲೆಯಲ್ಲಿ ಇಟ್ಟೆ. ತೂತಿನಿಂದ ಬರುವ ಹೊಗೆ ನಿಂತ ಮೇಲೆ ಡಬ್ಬಿ ಹೊರಗೆ ತೆಗೆಯಬೇಕು, ಪೂರ್ತಿ ತಣಿಯುವವರೆಗೆ ಮುಚ್ಚಳ ಬಿಚ್ಚಬಾರದು. ಬಿಸಿಯಲ್ಲಿ ಬಿಚ್ಚಿದರೆ ಗಾಳಿ ತಾಗಿ ಒಳಗೆ ಕೆಂಡವಾಗಿ ಬರೀ ಬೂದಿ ಉಳಿಯುತ್ತದೆ. ಗೇರು ಕಡ್ಡಿಯನ್ನೂ ನೋಡಿದೆ, ಪ್ರಯೋಜನ ಇಲ್ಲ, ಕಾಗದಕ್ಕೆ ಹತ್ತುವುದೇ ಇಲ್ಲ. ದಾಸವಾಳದ ಕಡ್ಡಿ ಮೃದು, ದೊಡ್ಡ ನೆರಳು ತುಂಬಲು ಚೆನ್ನಾಗಿದೆ, ಆದರೆ ಗೆರೆಗೆ ಬರುವುದಿಲ್ಲ. ಹುಣಸೆಯೇ ಸೈ. ಈಗ ಎರಡು ವರ್ಷದಿಂದ ಚಾರ್ಕೋಲ್ ಕೊಂಡಿಲ್ಲ.

ಇನ್ನು ಮುಖಕ್ಕೆ ಬರುತ್ತೇನೆ. ನನ್ನ ಪದ್ಧತಿಯ ಮುಖ್ಯ ಭಾಗ ಇದೇ, ಮತ್ತು ಎಲ್ಲರೂ ಒಪ್ಪದೆ ತಲೆಯಾಡಿಸಿದ್ದೂ ಇದಕ್ಕೇ. ನಾನು ಮುಖ ಕಲಿತದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ಕಲಾವಿದರು ಬಣ್ಣ ಹಾಕಿಕೊಳ್ಳುವ ಜಾಗದಲ್ಲಿ.

ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯಲ್ಲಿ ಆಟಕ್ಕೆ, ಅಂದರೆ ಯಕ್ಷಗಾನಕ್ಕೆ, ಬರವಿಲ್ಲ. ದೀಪಾವಳಿ ಕಳೆದು ಮೇಳಗಳು (ಆಟದ ತಂಡಗಳು) ಹೊರಟರೆ ಮೇ ಕೊನೆಯ ಪತ್ತನಾಜೆವರೆಗೆ ಹತ್ತಿರದಲ್ಲಿ ಎಲ್ಲಾದರೂ ಆಟ ಇದ್ದೇ ಇರುತ್ತದೆ. ರಾತ್ರಿಯಿಡೀ ನಡೆಯದ ಕಾಲಮಿತಿ ಆಟವಾದರೆ ಸಂಜೆಯೇ ಚೌಕಿ ತುಂಬುತ್ತದೆ. ಮೇಳದ ಮ್ಯಾನೇಜರರ ಹತ್ತಿರ ಮೊದಲೇ ಕೇಳಿ, ಚೌಕಿಪೂಜೆಗೆ ಮುಂಚೆ ಹೋಗಿ, ಮೂಲೆಯಲ್ಲಿ ಚಾಪೆಯ ಮೇಲೆ ಕೂರುತ್ತಿದ್ದೆ. ಅಲ್ಲಿ ಕಲಾವಿದರು ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ, ಕನ್ನಡಿ ನೋಡಿಕೊಂಡು ತಾವೇ ಬಣ್ಣ ಹಾಕಿಕೊಳ್ಳುತ್ತಾರೆ. ತೆಂಕುತಿಟ್ಟಿನ (ತೆಂಕಣ ಶೈಲಿಯ) ಬಣ್ಣದ ವೇಷದವರು, ಅಂದರೆ ರಾಕ್ಷಸ ವೇಷದವರು, ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಉಬ್ಬು ಚುಕ್ಕೆಗಳ ಚಿಟ್ಟಿ ಇಡಲು ಕೂತರಂತೂ ಗಂಟೆಗಟ್ಟಲೆ. ಕತ್ತು ಅಲ್ಲಾಡುವುದಿಲ್ಲ, ಕಣ್ಣು ಕನ್ನಡಿ ಬಿಡುವುದಿಲ್ಲ. ಇಷ್ಟು ಅಲುಗಾಡದೆ ಕೂರುವ ಮಾಡೆಲ್ ಯಾವ ಕಾಲೇಜಿನಲ್ಲಿ ಸಿಗುತ್ತಾರೆ ಹೇಳಿ.

ಗೆಳೆಯರ ಆಕ್ಷೇಪ ಏನೆಂದರೆ, ಬಣ್ಣ ಹಾಕಿದ ಮೇಲೆ ಅದು ಮುಖವೇ ಅಲ್ಲ, ವೇಷ, ಅದರಿಂದ ಎಂತ ಕಲಿಯುವುದು ಅಂತ. ಆದರೆ ಅಡಿಬಣ್ಣ ಹಾಕಿ, ಗೆರೆಗಳು ಶುರುವಾಗುವ ಮುಂಚಿನ ಹೊತ್ತನ್ನು ಅವರು ನೋಡಿಲ್ಲ. ಆ ಹೊತ್ತಿಗೆ ಗಡ್ಡದ ನೀಲಿ, ಕೆನ್ನೆಯ ಕೆಂಪು, ಕಣ್ಣಿನ ಸುತ್ತಲಿನ ಕಪ್ಪು, ಹಳೆಯ ಮೊಡವೆ ಕಲೆ ಎಲ್ಲ ಹೋಗಿ ಇಡೀ ಮುಖ ಒಂದೇ ಬಣ್ಣ. ಕಾಣುವುದು ಬೆಳಕು ನೆರಳು ಮಾತ್ರ. ಪ್ಲಾಸ್ಟರ್ ಕಾಸ್ಟ್ (ಬಿಳಿ ಪ್ಲಾಸ್ಟರಿನ ಅಚ್ಚುತಲೆ) ಇಟ್ಟು ಅಭ್ಯಾಸ ಮಾಡಿಸುವುದೂ ಇದಕ್ಕೇ ಅಲ್ವಾ? ಇಲ್ಲಿ ಜೀವ ಇರುವ ಕಾಸ್ಟ್ ಸಿಕ್ಕಿತು, ದಿನಕ್ಕೊಂದು ಹೊಸ ತಲೆ. ಹುಬ್ಬಿನ ಎಲುಬು ಕೆಳಗೆ ತಿರುಗಿ ಕಣ್ಣಿನ ಗುಳಿಗೆ ಇಳಿಯುವ ಜಾಗ, ಮೂಗಿನ ಬದಿ ಕೆನ್ನೆಗೆ ಸೇರುವ ಜಾಗ, ಕೆಳತುಟಿಯ ಕೆಳಗಿನ ಸಣ್ಣ ನೆರಳು, ಎಲ್ಲ ಸ್ವಚ್ಛವಾಗಿ ಕಾಣುತ್ತದೆ. ನಾನು ಕಣ್ಣು ಕಿರಿದು ಮಾಡಿ ಎರಡೇ ಟೋನ್ ಹಾಕುತ್ತಿದ್ದೆ. ಬೆಳಕಿಗೆ ಕಾಗದ, ನೆರಳಿಗೆ ಚಾರ್ಕೋಲ್. ನಡುವೆ ಏನೂ ಇಲ್ಲ. ಕಣ್ಣು ಮೂಗು ಅಂತ ಬೇರೆ ಬೇರೆ ಬರೆಯುವುದೇ ಇಲ್ಲ, ಹುಬ್ಬಿನಿಂದ ಕತ್ತಿನವರೆಗೆ ನೆರಳೆಲ್ಲ ಒಂದೇ ತುಂಡು. ಆ ತುಂಡಿನ ಅಂಚು ಸರಿಯಿದ್ದರೆ ಯಾರೆಂದು ಗುರುತು ಹತ್ತುತ್ತದೆ. ಮೂರು ನಾಲ್ಕು ತಿಂಗಳು ಇಷ್ಟೇ ಮಾಡಿದೆ.

ಅದರ ಮುಂದಿನ ಹಂತ ಇನ್ನೂ ಚೆನ್ನ. ಹುಬ್ಬು ತಿದ್ದಿ, ಕಾಡಿಗೆ ಎಳೆದಾಗ, ಬರೆದ ಗೆರೆ ಒಂದು ಕಡೆ ಹೇಳುತ್ತದೆ, ಕೆಳಗಿನ ಎಲುಬು ಇನ್ನೊಂದು ಕಡೆ ಹೇಳುತ್ತದೆ. ಕಪ್ಪಾಗಿ ಕಾಣುವುದು ನೆರಳಿನಿಂದಲೋ ಬಣ್ಣದಿಂದಲೋ ಅಂತ ಪ್ರತಿ ಸಲ ನಿರ್ಧಾರ ಮಾಡಬೇಕು. ಮುಂದೆ ನಿಜವಾದ ಮುಖಗಳಲ್ಲಿ ಮೀಸೆ, ಕುಂಕುಮ, ಕಪ್ಪು ತುಟಿ ಬಂದಾಗ ನನಗೆ ಕಷ್ಟವೇ ಆಗಲಿಲ್ಲ.

ಜಾಗದ ಬಗ್ಗೆ ಒಂದು ಮಾತು. ಚೌಕಿಯಲ್ಲಿ ಈಗ ಎಲ್ಲ ಕಡೆ ಎಲ್‌ಇಡಿ ಟ್ಯೂಬ್, ಮೂರು ದಿಕ್ಕಿನಿಂದ ಬೆಳಕು ಬಿದ್ದರೆ ನೆರಳೇ ಇಲ್ಲ. ಸಾಲಿನ ತುದಿಯಲ್ಲಿ, ಒಂದೇ ದೀಪದ ಕೆಳಗೆ ಕೂತವರನ್ನು ಆರಿಸಿಕೊಳ್ಳಿ. ಮುಗಿದ ಮೇಲೆ ಒಂದು ಒಳ್ಳೆಯ ಸ್ಕೆಚ್ ಅವರಿಗೇ ಕೊಟ್ಟುಬಿಡಿ. ನಾನು ಹಾಗೆ ಕೊಟ್ಟದ್ದರಿಂದಲೇ ಮುಂದಿನ ವರ್ಷ ಕರೆದು ಕೂರಿಸಿದರು.

ಬಣ್ಣವೂ ಅಲ್ಲಿಂದಲೇ ಬಂತು. ಹಳೆಯ ಕ್ರಮದಲ್ಲಿ ಬಣ್ಣದ ಪೆಟ್ಟಿಗೆಯಲ್ಲಿ ಇರುವುದು ಸಫೇತು, ಅರದಾಳ, ಇಂಗಳೀಕ, ಕಾಡಿಗೆ. ಬಿಳಿ, ಹಳದಿ, ಕೆಂಪು, ಕಪ್ಪು. ಕೊಬ್ಬರಿ ಎಣ್ಣೆಯಲ್ಲಿ ಕಲಸುತ್ತಾರೆ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) ಹೆಸರಿನಲ್ಲಿ ನಾವು ಹೇಳುವ ಪ್ಯಾಲೆಟ್ (ಆಯ್ದ ಬಣ್ಣಗಳ ಗುಂಪು) ಕೂಡ ಇದೇ ನಾಲ್ಕು, 1896ರ ಅವನ ಸ್ವಂತ ಚಿತ್ರದಲ್ಲಿ ಕೈಯಲ್ಲಿರುವ ಪ್ಯಾಲೆಟ್ ಮೇಲೆ ಇವೇ ಕಾಣುತ್ತವೆ. ಚೌಕಿಯಲ್ಲಿ ಹಿರಿಯರೊಬ್ಬರು ಅಂಗೈಯಲ್ಲಿ ಬಿಳಿಗೆ ಹಳದಿ, ಆಮೇಲೆ ಉಗುರಿನ ತುದಿಯಷ್ಟು ಕೆಂಪು ಹಾಕಿ, ಬೆರಳಲ್ಲಿ ತಿಕ್ಕಿ, ಕೆನ್ನೆಗೆ ಒಂದು ಚುಕ್ಕೆ ಇಟ್ಟು ನೋಡಿ, ಮತ್ತೆ ಕೆಂಪು ಹಾಕುವುದನ್ನು ನೋಡುತ್ತಿದ್ದೆ. ಕೆಂಪು ಯಾವಾಗಲೂ ಕೊನೆಗೆ, ಯಾವಾಗಲೂ ಕಡಿಮೆ. ಆ ಕ್ರಮವನ್ನೇ ಮನೆಗೆ ತಂದೆ. ಹದಿನಾರು ಟ್ಯೂಬಿನ ಸೆಟ್ ತಂಗಿಗೆ ಕೊಟ್ಟೆ. ಮೊದಲ ಪದರದ ಅಂಬರ್ (ಕಂದು) ಬಿಟ್ಟರೆ ಉಳಿದದ್ದು ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಕ್ಯಾಡ್ಮಿಯಂ ರೆಡ್, ಐವರಿ ಬ್ಲ್ಯಾಕ್. ಕ್ಯಾಡ್ಮಿಯಂ ಮಾತ್ರ ಒಳ್ಳೆಯದೇ ಕೊಳ್ಳಬೇಕು, ನಾನು ಕೊಂಡಾಗ ಸಣ್ಣ ಟ್ಯೂಬಿಗೇ ಐನೂರು ಆರುನೂರು ಆಯಿತು, ಆದರೆ ಒಂದು ಟ್ಯೂಬ್ ಆರೇಳು ಮುಖಕ್ಕೆ ಬರುತ್ತದೆ.

ಆ ಪುಡಿಗಳನ್ನೇ ಲಿನ್ಸೀಡ್ ಎಣ್ಣೆಯಲ್ಲಿ ಅರೆದು ನೋಡಿದರೆ ಹೇಗೆ ಅಂತಲೂ ಒಂದು ಪ್ರಯತ್ನ ಮಾಡಿದೆ. ಸಫೇತು ಅಂದರೆ ಜಿಂಕ್, ಅದು ಚೆನ್ನಾಗಿಯೇ ಅರೆಯಿತು. ಅಂಗಡಿಯಿಂದ ತಂದ ಕೆಂಪು ಪುಡಿ ಮಾತ್ರ ಬರೀ ಡೈ, ಮೇಲೆ ಹಾಕಿದ ಬಿಳಿಯ ಒಳಗಿಂದ ನಾಲ್ಕು ದಿನದಲ್ಲಿ ಗುಲಾಬಿಯಾಗಿ ಎದ್ದು ಬಂತು. ನಿಜವಾದ ಅರದಾಳದಲ್ಲಿ ಆರ್ಸೆನಿಕ್, ನಿಜವಾದ ಇಂಗಳೀಕದಲ್ಲಿ ಪಾದರಸ, ಎರಡೂ ವಿಷ. ಅದನ್ನು ಅರೆಯುವ ಗೋಜಿಗೆ ಯಾರೂ ಹೋಗಬೇಡಿ.

ನಾಲ್ಕು ಬಣ್ಣ ತಂದ ಕೂಡಲೇ ಎಲ್ಲ ಸರಿಯಾಯಿತು ಅಂತಲ್ಲ. ಮೊದಲ ಹತ್ತು ಹನ್ನೆರಡು ಮುಖ ಹಾಳು. ನಮ್ಮ ಜನರ ಮೈಬಣ್ಣಕ್ಕೆ ಬೆಳಕು ತೋರಿಸಲು ಬಿಳಿ ಸೇರಿಸಿದರೆ ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತದೆ. ಟೈಟಾನಿಯಂ ತುಂಬ ಜೋರು. ಕಂದು ಚರ್ಮದಲ್ಲಿ ಬೆಳಕಿನ ಭಾಗಕ್ಕೆ ಬಿಳಿ ಬಹಳ ಕಡಿಮೆ ಸಾಕು, ಓಕರ್ ಮತ್ತು ಕೆಂಪೇ ಆ ಕೆಲಸ ಮಾಡಬೇಕು. ಬಿಳಿ ಕಾಣಬೇಕಾದ್ದು ಹಣೆ, ಮೂಗಿನ ತುದಿ, ಕೆನ್ನೆಯ ಮೂಳೆಯ ಹೊಳಪಿನಲ್ಲಿ, ಅದೂ ತಣ್ಣಗೆ, ಸ್ವಲ್ಪ ಕಪ್ಪು ಸೇರಿಸಿದ ಬಿಳಿ. ಅದು ಆಕಾಶದ ಬೆಳಕು ಚರ್ಮದ ಮೇಲಿಂದ ಹಾಗೆಯೇ ಹಿಂದೆ ಬರುವುದು, ಆದ್ದರಿಂದ ನೀಲಿ ಛಾಯೆ. ಬಿಳಿಯ ಜೊತೆ ಸೇರಿದರೆ ಐವರಿ ಬ್ಲ್ಯಾಕ್ ನೀಲಿಯಾಗಿಯೇ ಕಾಣುತ್ತದೆ, ಬೇರೆ ನೀಲಿ ಬೇಕಾಗುವುದಿಲ್ಲ. ನೆರಳಿಗೆ ನಾನು ಐದನೆಯ ಒಂದು ಟ್ಯೂಬ್ ಮುಟ್ಟುತ್ತೇನೆ, ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಕಂಡುಹಿಡಿಯಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ಮನೆಯ ಬೆಳಕು ಇನ್ನೊಂದು ಸಮಸ್ಯೆ. ಉತ್ತರದ ಕಿಟಕಿ ಅಂತ ಎಲ್ಲರೂ ಹೇಳುತ್ತಾರೆ, ನನಗೂ ಉತ್ತರದ ಕಿಟಕಿಯೇ ಇತ್ತು. ಆದರೂ ಮುಖದ ನೆರಳು ಹಸಿರಾಗುತ್ತಿತ್ತು. ಬಣ್ಣ ಬದಲಿಸಿದೆ, ಕೆಂಪು ಹೆಚ್ಚಿಸಿದೆ, ಆಗಲಿಲ್ಲ. ಕಿಟಕಿಯ ಹೊರಗೆ ಅಡಿಕೆ ತೋಟ, ಅಲ್ಲಿಂದ ಹಸಿರು ಬೆಳಕು ಗದ್ದದ ಕೆಳಗೆ ಹೊಡೆಯುತ್ತದೆ. ಎದುರಿನ ಬಾಗಿಲು ತೆರೆದರೆ ಮುರಕಲ್ಲಿನ ಅಂಗಳದಿಂದ ಕೆಂಪು. ಮಳೆ ಬಂದು ಅಂಗಳ ಒದ್ದೆಯಾದರೆ ಆ ಕೆಂಪು ಇನ್ನೂ ಗಾಢ. ಕಿಟಕಿಯ ಕೆಳಗಿನ ಅರ್ಧಕ್ಕೆ ಕಪ್ಪು ಬಟ್ಟೆ ಕಟ್ಟಿ, ಮೇಲಿನ ಅರ್ಧದಿಂದ ಬರೀ ಆಕಾಶ ಕಾಣುವಂತೆ ಮಾಡಿದೆ, ಬಾಗಿಲಿಗೆ ಬೂದು ಬೈರಾಸು (ಟವೆಲ್). ಒಂದು ರೂಪಾಯಿ ಖರ್ಚಿಲ್ಲದೆ ಹಸಿರು ಹೋಯಿತು. ಬಣ್ಣ ಸರಿಯಿಲ್ಲ ಅಂತ ಟ್ಯೂಬ್ ಮೇಲೆ ಟ್ಯೂಬ್ ಕೊಳ್ಳುವ ಮೊದಲು ಕಿಟಕಿಯ ಹೊರಗೆ ಏನಿದೆ ನೋಡಿ.

ಮಳೆಗಾಲದಲ್ಲಿ ಕ್ಯಾನ್ವಾಸ್ ಬಿಟ್ಟುಬಿಟ್ಟೆ. ಹತ್ತಿಯ ಕ್ಯಾನ್ವಾಸ್ ಜೋಲುತ್ತದೆ, ಹಿಂದಿನಿಂದ ಬೂಷ್ಟು ಹಿಡಿಯುತ್ತದೆ. ಎರಡು ಸಾವಿರದಷ್ಟು ಸಾಮಾನು ಹಾಗೆ ಹೋಯಿತು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬದಿಯಲ್ಲಿ ಉಬ್ಬಿತು. ಈಗ ಮರದ ಕೆಲಸದವರ ಹತ್ತಿರ ಉಳಿದ ಮರೈನ್ ಪ್ಲೈ ತುಂಡು ತಂದು, ತಿಕ್ಕಿ, ಮೂರು ಕೋಟ್ ಅಕ್ರಿಲಿಕ್ ಪ್ರೈಮರ್ ಹಾಕುತ್ತೇನೆ. ಹಿಂದೆಯೂ ಹಾಕಬೇಕು, ಇಲ್ಲದಿದ್ದರೆ ಬಾಗುತ್ತದೆ. ಹದಿನಾರು ಇಪ್ಪತ್ತು ಇಂಚಿನ ಒಂದಕ್ಕೆ ನೂರು ರೂಪಾಯಿ ಒಳಗೆ ಮುಗಿಯುತ್ತದೆ.

ಚಿತ್ರ ಒಣಗಿಸುವುದಕ್ಕೆ, ಅಡಿಕೆ ಒಣಗಿಸುವ ಸೋಲಾರ್ ಗೂಡಿನೊಳಗೂ ಒಂದನ್ನು ಇಟ್ಟು ನೋಡಿದೆ. ಪ್ಲಾಸ್ಟಿಕ್ ಮಾಡಿನ ಕೆಳಗೆ ಬಿಸಿ ಚೆನ್ನಾಗಿರುತ್ತದೆ, ಬೇಗ ಒಣಗಿತು ಕೂಡ, ಆದರೆ ಅಡಿಕೆ ಸಿಪ್ಪೆಯ ನಾರು ಇಡೀ ಹಣೆಗೆ ಅಂಟಿತು. ಹಳೆಯ ಪಾತ್ರೆ ಕಪಾಟಿನಲ್ಲಿ ಅರವತ್ತು ವ್ಯಾಟ್ ಬಲ್ಬ್ ಹಾಕಿ ಬಾಗಿಲು ಸ್ವಲ್ಪ ತೆರೆದಿಟ್ಟರೆ ಅದಕ್ಕಿಂತ ವಾಸಿ. ಮೊದಲ ಪದರಕ್ಕೆ ಅಂಬರ್ ಬಳಸಿದರೆ ಎರಡು ದಿನದಲ್ಲಿ ಮುಟ್ಟಬಹುದು. ಐವರಿ ಬ್ಲ್ಯಾಕ್ ಅಡಿಯಲ್ಲಿ ದಪ್ಪ ಹಾಕಿದರೆ ಆಷಾಢ ಮುಗಿದರೂ ಅಂಟು ಅಂಟೇ.

ಆ ಹನ್ನೆರಡು ಸಾವಿರದ ಚಿತ್ರ ಒಬ್ಬರು ಹಿರಿಯ ಮದ್ದಳೆಗಾರರದ್ದು. ಚೌಕಿಯಲ್ಲಿ ನನ್ನ ಸ್ಕೆಚ್ ನೋಡಿದ್ದ ಅವರ ಮಗ ಕೇಳಿದರು. ಫೋಟೋ ಕಳಿಸುತ್ತೇನೆ ಅಂದರು, ಬೇಡ, ಅಪ್ಪನನ್ನೇ ಕೂರಿಸಿ ಅಂದೆ. ಐದಾರು ಸಿಟ್ಟಿಂಗ್, ಒಂದೊಂದೂ ಎರಡು ಗಂಟೆಯ ಹತ್ತಿರ, ನಡುವೆ ಚಹಾ. ಮೊದಲ ದಿನ ಬರೀ ಅಂಬರಿನಲ್ಲಿ ಎರಡು ಟೋನ್. ಎರಡನೆಯ ದಿನ ನೆರಳಿನ ಬಣ್ಣ ಮಾತ್ರ, ಬೆಳಕು ಮುಟ್ಟಲೇ ಇಲ್ಲ. ಅವರಿಗೆ ಬೇಸರ ಬಂತು, "ಎಂತ ಮಾರಾಯ, ಎರಡು ದಿನದಿಂದ ನನ್ನ ಕಣ್ಣೇ ಬರಲಿಲ್ಲ" ಅಂದರು. ಕಣ್ಣು ಕೊನೆಗೆ ಅಜ್ಜ ಅಂದೆ. ಸುಮ್ಮನೆ ಕೂತರೆ ಅವರಿಗೆ ನಿದ್ದೆ, ಮುಖ ಜೋತು ಬೀಳುತ್ತಿತ್ತು. ಪ್ರಸಂಗದ ಮಾತು ತೆಗೆದರೆ ಮುಖ ಎದ್ದು ಕೂರುತ್ತಿತ್ತು, ಆದರೆ ಕೈ ತೊಡೆಯ ಮೇಲೆ ತಾಳ ಹಾಕಿ ಭುಜ ಅಲ್ಲಾಡುತ್ತಿತ್ತು. ಕೊನೆಗೆ ಭುಜವನ್ನು ಒಂದು ದಿನ ಬೇರೆಯಾಗಿ ಮಾಡಿ, ಮುಖಕ್ಕೆ ಮಾತಾಡಿಸಿಕೊಂಡೇ ಕೂತೆ. ಮಾತಾಡುವವರ ಬಾಯಿ ಹೇಗೆ ಹಿಡಿಯುವುದು ಅನ್ನುವುದಕ್ಕೆ ನನ್ನದೇ ಒಂದು ದಾರಿ ಇದೆ, ಅದನ್ನು ಎದುರು ಸಿಕ್ಕಿದವರಿಗೆ ತೋರಿಸುತ್ತೇನೆ, ಬರೆದರೆ ಅರ್ಥವಾಗುವಂಥದ್ದಲ್ಲ. ಚಿತ್ರ ಮುಗಿದ ದಿನ ಅವರ ಹೆಂಡತಿ ಅಡುಗೆಮನೆಯಿಂದ ಬಂದು ನೋಡಿ, "ಇದು ಅಭಿಮನ್ಯುವಿನ ಕಥೆ ಹೇಳುವಾಗಿನ ಮುಖ" ಅಂದರು. ಅವರು ಹೇಳಿದ್ದು ಸರಿ, ಆ ದಿನ ಅದೇ ಪ್ರಸಂಗ ನಡೆದಿತ್ತು. ಫೋಟೋದಿಂದ ಇದು ಬರುವುದಿಲ್ಲ, ನಾನು ಎಷ್ಟು ಬೇಕಾದರೂ ವಾದ ಮಾಡುತ್ತೇನೆ.

ಲೆಕ್ಕ ಹೇಳುವುದಾದರೆ ಆ ಚಿತ್ರಕ್ಕೆ ಬಣ್ಣ, ಪ್ಲೈ, ಬಸ್ಸು, ಫ್ರೇಮ್ ಸೇರಿ ಎರಡೂವರೆ ಸಾವಿರ ಆಗಿರಬಹುದು, ಅದರಲ್ಲಿ ಫ್ರೇಮಿಗೇ ಅರ್ಧಕ್ಕಿಂತ ಜಾಸ್ತಿ. ಮುಂದಿನ ಎರಡಕ್ಕೆ ಹದಿನೈದು ಸಾವಿರ ಹೇಳಿದ್ದೇನೆ, ಒಪ್ಪಿದ್ದಾರೆ. ಅರ್ಧ ದುಡ್ಡು ಮೊದಲ ಸಿಟ್ಟಿಂಗ್ ದಿನವೇ ತೆಗೆದುಕೊಳ್ಳಿ, ಆಗ ಮನೆಯವರೂ ಅಜ್ಜನನ್ನು ಸರಿಯಾದ ಹೊತ್ತಿಗೆ ತಂದು ಕೂರಿಸುತ್ತಾರೆ. ಕೈಗಳು ಇನ್ನೂ ನನಗೆ ಬೇಕಾದ ಹಾಗೆ ಬರುತ್ತಿಲ್ಲ, ಅದಕ್ಕೆ ಈ ಸೀಸನ್ ಪೂರ್ತಿ ಹಿಮ್ಮೇಳದ ಪಕ್ಕ ಕೂತು ಚೆಂಡೆ ಮದ್ದಳೆ ಬಾರಿಸುವ ಕೈಗಳನ್ನೇ ಬರೆಯುವುದು ಅಂತ ಇದ್ದೇನೆ. ಮದ್ದಳೆಗಾರರ ಚಿತ್ರಕ್ಕೆ ಸದ್ಯ ರೀಟಚಿಂಗ್ ವಾರ್ನಿಶ್ (ತಾತ್ಕಾಲಿಕ ತೆಳು ಪದರ) ಮಾತ್ರ ಕೊಟ್ಟಿದ್ದೇನೆ. ಕೊನೆಯ ವಾರ್ನಿಶ್ ಹಚ್ಚುವ ಮುಂಚೆ ಆರು ತಿಂಗಳು ಬಿಟ್ಟರೆ ಸಾಕು ಅನ್ನುತ್ತಾರೆ, ನಮ್ಮ ಹವೆಗೆ ನಾನು ವರ್ಷ ಬಿಡುತ್ತೇನೆ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಅವರ ಮನೆಗೇ ಹೋಗಿ ಹಚ್ಚಿ ಬರುತ್ತೇನೆ ಅಂತ ಹೇಳಿಟ್ಟಿದ್ದೇನೆ.